ಮಾನೆಯ ಕೊನೆಯ ಹೂಗಳು

ಚಿತ್ರಕಲೆಯ ಪುಸ್ತಕ ತಿರುವುವಾಗ ಹೂದಾನಿಯ ಚಿತ್ರ ಬಂದರೆ ನಾನು ಬೇಗ ಪುಟ ದಾಟಿಸುತ್ತಿದ್ದೆ. ಹೂ ಹೇಗೂ ಚೆಂದವೇ, ಅದರಲ್ಲಿ ನೋಡುವುದೇನಿದೆ ಎಂಬ ಉಡಾಫೆ. ಅದನ್ನು ಬಿಡಿಸಿದ್ದು ಎದುವಾರ್ ಮಾನೆ 1882ರ ಸುಮಾರಿಗೆ ಬರೆದ ‘ಸ್ಫಟಿಕದ ಹೂದಾನಿಯಲ್ಲಿ ಕಾರ್ನೇಷನ್ ಮತ್ತು ಕ್ಲೆಮ್ಯಾಟಿಸ್’. ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿರುವ ಈ ಚಿತ್ರದ ಎತ್ತರ ಸುಮಾರು 56 ಸೆಂಟಿಮೀಟರ್, ಅಗಲ 35.

ಇಷ್ಟು ಚಿಕ್ಕದೇಕೆ? 1865ರ ಸಲೋನ್ ಪ್ರದರ್ಶನದಲ್ಲಿ ‘ಒಲಿಂಪಿಯಾ’ ಇಟ್ಟು ಪ್ಯಾರಿಸ್ಸಿನ ಬೈಗುಳ ತಿಂದ ಮಾನೆ ದೊಡ್ಡ ಕ್ಯಾನ್ವಾಸುಗಳ ಮನುಷ್ಯ. ಆದರೆ ಕೊನೆಯ ವರ್ಷಗಳಲ್ಲಿ ನರಗಳ ಕಾಯಿಲೆ ಅವನ ಕಾಲುಗಳನ್ನು ಹಿಡಿಯಿತು. ಹೆಚ್ಚು ಹೊತ್ತು ನಿಲ್ಲಲಾಗದು. ನೋಡಲು ಬಂದ ಗೆಳೆಯರು ಹೂ ತಂದುಕೊಡುತ್ತಿದ್ದರು. ಕುಳಿತಲ್ಲೇ ಅವನ್ನು ಬರೆದ.

ಇಂಪ್ರೆಷನಿಸ್ಟರು 1874ರಿಂದ 1886ರವರೆಗೆ ನಡೆಸಿದ ಎಂಟು ಪ್ರದರ್ಶನಗಳಲ್ಲಿ ಒಂದರಲ್ಲೂ ಮಾನೆ ಸೇರಲಿಲ್ಲ. ಆದರೂ 1874ರ ಬೇಸಿಗೆಯಲ್ಲಿ ಅರ್ಜಾಂತೈನಲ್ಲಿ ಕ್ಲೋದ್ ಮೊನೆಯ ಜೊತೆ ಬಯಲಲ್ಲಿ ಚಿತ್ರ ಬರೆದ ಮೇಲೆ ಅವನ ಬಣ್ಣಗಳು ತಿಳಿಯಾದವು. ಆ ಬೆಳಕು ಈ ಹೂದಾನಿಯೊಳಗೂ ಇದೆ.

ಹತ್ತಿರದಿಂದ ನೋಡಿದರೆ ಕ್ಲೆಮ್ಯಾಟಿಸ್ ಎಂದರೆ ಕೆಲವೇ ನೇರಳೆ ಬೀಸುಗಳು, ಕಾರ್ನೇಷನ್ ಎಂದರೆ ಗುಲಾಬಿ ಬಣ್ಣದ ಮುದ್ದೆ. ದಳಕ್ಕೆ ಅಂಚು ಕೊರೆದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದರೆ ಅವೇ ಹೂವಾಗುತ್ತವೆ. ಹಿಂದಿನ ಬೂದು ಬಣ್ಣ ತಣ್ಣಗೆ ಕೂತಿರುವುದರಿಂದಲೇ ನೇರಳೆ ಅಷ್ಟು ಎದ್ದು ಕಾಣುತ್ತದೆ.

ನನ್ನ ಕಣ್ಣು ಮಾತ್ರ ಮತ್ತೆ ಮತ್ತೆ ಕೆಳಗೆ, ನೀರಿಗೆ ಇಳಿಯುತ್ತದೆ. ಗಾಜಿಗೆ, ನೀರಿಗೆ ತಮ್ಮದೇ ಬಣ್ಣವಿಲ್ಲ. ಒಳಗಿನಿಂದ ಕಾಣುವುದು, ಮೇಲೆ ಬಿದ್ದು ಮಿನುಗುವುದು, ಇವೆರಡನ್ನೇ ಬರೆಯಬೇಕು. ದಂಟುಗಳು ನೀರಿನಲ್ಲಿ ಮುರಿದಂತೆ ಕಾಣುವುದನ್ನು ಮಾನೆ ಹಸಿರಿನ ತುಂಡು ಗೆರೆಗಳಲ್ಲಿ ಹಿಡಿದ. ಅಲ್ಲಲ್ಲಿ ಬಿಳಿಯನ್ನು ಮುಟ್ಟಿಸಿದ. ಅಷ್ಟಕ್ಕೇ ಗಾಜು ಬಂತು, ನೀರೂ ಬಂತು.

ಕೊಯ್ದ ಹೂ ಬಾಡುವುದಕ್ಕೆ ಎಷ್ಟು ದಿನ ಬೇಕು? ಅದನ್ನು ತಿದ್ದುತ್ತಾ ಕೂರುವಂತಿಲ್ಲ. ಕುಂಚದ ಆ ಅವಸರ ಬರೀ ಶೈಲಿಯಲ್ಲ ಎಂದು ನನಗೆ ಹೊಳೆದದ್ದು ತಾರೀಖುಗಳನ್ನು ಓದಿದಾಗ. 1883ರ ಏಪ್ರಿಲ್ 20ರಂದು ಮಾನೆಯ ಎಡಗಾಲು ಕತ್ತರಿಸಿದರು. 30ರಂದು ಅವನು ತೀರಿಕೊಂಡ. ವಯಸ್ಸು 51.

ಇದು ಗೊತ್ತಾದ ಮೇಲೆ ಚಿತ್ರದಲ್ಲಿ ನೋವು ಹುಡುಕಿದೆ. ಸಿಗಲಿಲ್ಲ. ನೀರು ತಿಳಿಯಾಗಿದೆ, ಹೂಗಳು ಈಗಷ್ಟೇ ಯಾರೋ ತಂದಿಟ್ಟಂತಿವೆ. ಈಗ ಯಾವ ಹೂದಾನಿಯ ಚಿತ್ರ ಕಂಡರೂ ಮೊದಲು ದಂಟು ನೋಡುತ್ತೇನೆ, ಆಮೇಲೆ ಹೂ.