ಮಿಂಗ್ ದರ್ಬಾರಿನಿಂದ ಗಾಲ್ವಾನ್‌ವರೆಗೆ

ಮಾಸ್ಕೋದವರೂ ವಾಷಿಂಗ್ಟನ್ನಿನವರಂತೆಯೇ ಲಾಭನಷ್ಟ ತೂಗುತ್ತಾರೆ ಎಂದು ಅಮೆರಿಕದ ಅಣ್ವಸ್ತ್ರ ತಜ್ಞರು ಬಹುಕಾಲ ನಂಬಿದ್ದರು. 1977ರಲ್ಲಿ ರ್‍ಯಾಂಡ್ ಸಂಸ್ಥೆಗೆ ಬರೆದ ವರದಿಯಲ್ಲಿ ಜ್ಯಾಕ್ ಸ್ನೈಡರ್ ಇದನ್ನು ಒಪ್ಪಲಿಲ್ಲ. ಸೋವಿಯತ್ ಸೇನಾನಿಗಳು ಬೇರೆಯೇ ಇತಿಹಾಸದಲ್ಲಿ ಪಳಗಿದವರು, ಪರಮಾಣು ಯುದ್ಧವನ್ನು ಮಿತಿಯೊಳಗೆ ಆಡೋಣವೆಂದರೆ ಅವರು ಒಪ್ಪುತ್ತಾರೆಂಬ ಖಾತ್ರಿ ಇಲ್ಲ ಎಂಬುದು ಅವರ ವಾದ. 'ವ್ಯೂಹಾತ್ಮಕ ಸಂಸ್ಕೃತಿ' ಎಂಬ ಅಧ್ಯಯನ ಕ್ಷೇತ್ರ ಹುಟ್ಟಿದ್ದು ಹೀಗೆ. ಕೆನ್ ಬೂತ್ (1979), ಕಾಲಿನ್ ಗ್ರೇ (1981) ಅದನ್ನು ಬೆಳೆಸಿದರು. ಆದರೆ ಭೂಗೋಳ, ಇತಿಹಾಸ, ತಂತ್ರಜ್ಞಾನ ಎಲ್ಲವನ್ನೂ ಸಂಸ್ಕೃತಿಯ ಚೀಲಕ್ಕೇ ತುಂಬಿದ್ದರಿಂದ ಯಾವ ವಾದವನ್ನೂ ಸುಳ್ಳೆಂದು ತೋರಿಸಲಾಗದ ಸ್ಥಿತಿ ಬಂತು. ಸ್ನೈಡರ್ ಅವರೇ 1990ರ ಹೊತ್ತಿಗೆ ತಮ್ಮ ಪರಿಕಲ್ಪನೆಯನ್ನು ಎಚ್ಚರದಿಂದ ಬಳಸಿರೆಂದು ಹೇಳಬೇಕಾಯಿತು.

ಕ್ಷೇತ್ರಕ್ಕೆ ಶಿಸ್ತು ತಂದದ್ದು ಚೀನಾದ ಅಧ್ಯಯನ. ಚೀನೀಯರು ಯುದ್ಧವನ್ನು ಕೊನೆಯ ದಾರಿಯೆಂದು ಬಗೆಯುವವರು, ಮಹಾಗೋಡೆಯೇ ಅದಕ್ಕೆ ಸಾಕ್ಷಿ ಎಂಬ ಮಾತು ಪಂಡಿತರಲ್ಲೂ ಚಾಲ್ತಿಯಲ್ಲಿತ್ತು. ಅಲೆಸ್ಟರ್ ಇಯಾನ್ ಜಾನ್ಸ್‌ಟನ್ ಇದನ್ನು ಪರೀಕ್ಷೆಗೇ ಒಡ್ಡಿದರು. ಚೀನಾದ ಏಳು ಪ್ರಾಚೀನ ಯುದ್ಧಗ್ರಂಥಗಳನ್ನೂ, ಮಂಗೋಲರನ್ನು ಎದುರಿಸುವ ಬಗ್ಗೆ ಮಿಂಗ್ ರಾಜವಂಶದ ಅಧಿಕಾರಿಗಳು ಚಕ್ರವರ್ತಿಗೆ ಬರೆದ ಬಿನ್ನಹಗಳನ್ನೂ ಓದಿದರು. 1995ರ ಅವರ ಗ್ರಂಥದ ಪ್ರಕಾರ ಅಲ್ಲಿರುವುದು ಎರಡು ಧಾರೆ. ಸದ್ಗುಣದಿಂದಲೇ ಶತ್ರುವನ್ನು ಒಲಿಸಬೇಕೆಂಬ ಕನ್‌ಫ್ಯೂಷಿಯಸ್ ಧಾರೆ ಹೆಚ್ಚಾಗಿ ಮಾತಿಗೆ. ವೈರಿಯನ್ನು ಬಲದಿಂದಲೇ ಬಗ್ಗಿಸಬೇಕೆಂಬ ಧಾರೆ ನಡೆಗೆ. ಶಕ್ತಿಯಿದ್ದಾಗ ಮಿಂಗ್ ಅರಸರು ದಂಡೆತ್ತಿ ಹೋದರು, ಇಲ್ಲದಾಗ ಕೋಟೆ ಕಟ್ಟಿದರು. ಹಾಗೆ ನೋಡಿದರೆ ಮಹಾಗೋಡೆ ಶಾಂತಿಪ್ರಿಯತೆಯ ಗುರುತಲ್ಲ, ಬಲ ಕುಂದಿದ್ದರ ಗುರುತು.

ಈ ಶೋಧ ಒಂದು ಪೇಚನ್ನೂ ತಂದಿತು. ಎಲ್ಲ ಬಲಿಷ್ಠರೂ ಹೀಗೆಯೇ ನಡೆಯುವುದಾದರೆ ಇದರಲ್ಲಿ ಸಂಸ್ಕೃತಿಯ ಪಾಲೇನು? ನನಗೆ ಹೆಚ್ಚು ಒಪ್ಪಿಗೆಯಾಗುವ ಉತ್ತರ ಆಂಡ್ರೂ ಸ್ಕೋಬೆಲ್ ಅವರದು (2003). ಎರಡೂ ಧಾರೆಗಳು ಒಟ್ಟಿಗೇ ಕೆಲಸ ಮಾಡುತ್ತವೆ. ತಾವು ಶಾಂತಿಪ್ರಿಯರೆಂದು ಚೀನಾದ ನಾಯಕರು ಮನಸಾರೆ ನಂಬಿರುವುದರಿಂದಲೇ ಪ್ರತಿ ದಾಳಿಯೂ ಅವರಿಗೆ ರಕ್ಷಣೆಯಾಗಿ ಕಾಣುತ್ತದೆ ಎನ್ನುತ್ತಾರೆ ಅವರು. 1962ರಲ್ಲಿ ಭಾರತದ ಮೇಲೆ, 1979ರಲ್ಲಿ ವಿಯೆಟ್ನಾಂ ಮೇಲೆ ನಡೆಸಿದ ಯುದ್ಧಗಳನ್ನು ಬೀಜಿಂಗ್ ಕರೆಯುವುದು 'ಆತ್ಮರಕ್ಷಣೆಯ ಪ್ರತಿದಾಳಿ' ಎಂದೇ.

ಭಾರತಕ್ಕೆ ಬಂದರೆ, ಜಾರ್ಜ್ ಟ್ಯಾನ್‌ಹ್ಯಾಮ್ 1992ರಲ್ಲಿ ಇಲ್ಲಿ ವ್ಯೂಹಾತ್ಮಕ ಚಿಂತನೆಯೇ ಕಡಿಮೆ ಎಂದು ಬರೆದು ದೊಡ್ಡ ಚರ್ಚೆ ಎಬ್ಬಿಸಿದರು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಸಿಕ್ಕ ತಾಳೆಗರಿಗಳಿಂದ ಕೌಟಿಲ್ಯನ ಅರ್ಥಶಾಸ್ತ್ರ 1909ರಲ್ಲೇ ಅಚ್ಚಾಗಿತ್ತು, ಗ್ರಂಥಕ್ಕೇನೂ ಕೊರತೆಯಿರಲಿಲ್ಲ. ಆದರೆ ಜಾನ್ಸ್‌ಟನ್ ಮಿಂಗ್ ಕಡತಗಳಲ್ಲಿ ಮಾಡಿದಂತೆ, ಗ್ರಂಥದ ಮಾತು ನಿರ್ಧಾರದ ಹೊತ್ತಿಗೆ ಬಳಕೆಯಾಯಿತೇ ಎಂದು ತೋರಿಸದೆ ಕೌಟಿಲ್ಯನ ಹೆಸರು ಹೇಳಿದರೆ ವಾದ ನಿಲ್ಲದು.

2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ಭಾರತದ 20 ಯೋಧರು ಮಡಿದಾಗಲೂ, ಗಡಿ ದಾಟಿ ಕೆಣಕಿದ್ದು ಭಾರತವೇ ಎಂದಿತು ಚೀನಾ. ಸೇನೆ ಯಾವಾಗ ಮುಂದೊತ್ತುತ್ತದೆ ಎಂದು ತಿಳಿಯಲು ರಸ್ತೆ, ತುಕಡಿ, ತೋಪುಗಳನ್ನು ಎಣಿಸುವವರೇ ಬೇಕು. ಆಮೇಲೆ ಬೀಜಿಂಗ್ ಏನು ಹೇಳುತ್ತದೆ, ಅದನ್ನು ಎಷ್ಟು ನಂಬಿ ಹೇಳುತ್ತದೆ ಎಂಬುದರಲ್ಲಿ ಮಾತ್ರ ಈ ವಿದ್ವಾಂಸರ ಮಾತಿಗೆ ತೂಕವಿದೆ.