ಬೆಳ್ಳಗಿನ ನೆರಳು

ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ದೊಡ್ಡ ಕವರಿನಿಂದ ತಮ್ಮ ಎದೆಯ ಎಕ್ಸ್‌ರೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. "ಬಲಗಡೆ ಸ್ವಲ್ಪ ನೆರಳಿದೆ" ಎಂದಿದ್ದರಂತೆ ಡಾಕ್ಟರು. ಫಿಲಂನಲ್ಲಿ ಪಕ್ಕೆಲುಬುಗಳ ನಡುವೆ ಎರಡೂ ಕಡೆ ಕಪ್ಪೋ ಕಪ್ಪು. "ಸ್ವಲ್ಪ ಅಂದ್ರಲ್ಲಮ್ಮಾ, ಎದೆ ತುಂಬಾ ಹಬ್ಬಿದೆ" ಎಂದು ಮಗಳತ್ತ ತಿರುಗಿದರು. ಫಿಲಂ ಹಿಡಿದ ಕೈ ನಡುಗುತ್ತಿತ್ತು.

ಅವರು ನೋಡಿ ಹೆದರಿದ ಆ ಕಪ್ಪು ಶ್ವಾಸಕೋಶದೊಳಗಿನ ಗಾಳಿ.

ನೆರಳು ನಮ್ಮ ಬಹು ಹಳೆಯ ಮಾತು. ಹಳಗನ್ನಡದಲ್ಲಿ ಅದು ನೆೞಲ್. ತಮಿಳಿನ ನಿೞಲ್ ಅದರ ಒಡಹುಟ್ಟು. ಬಿಸಿಲಲ್ಲಿ ನಡೆದು ಬಂದವರನ್ನು "ನೆರಳಿಗೆ ಬನ್ನಿ" ಎಂದು ಕರೆಯುತ್ತೇವೆ. ಹಿರಿಯರ ನೆರಳಲ್ಲಿ ಬೆಳೆದೆವೆಂದು ನೆನೆಯುತ್ತೇವೆ. ಸಿಟ್ಟು ನೆತ್ತಿಗೇರಿದಾಗ "ನಿನ್ನ ನೆರಳೂ ನನ್ನ ಮೇಲೆ ಬೀಳಬಾರದು" ಎನ್ನುತ್ತೇವೆ. ತಂಪು, ಆಸರೆ, ಅಪಶಕುನ ಎಲ್ಲಕ್ಕೂ ಒಂದೇ ಪದ. ಆದರೆ ಈ ಯಾವ ಬಳಕೆಯಲ್ಲೂ ನೆರಳು ಬಿಳಿಯಾಗಿದ್ದಿಲ್ಲ.

1895ರಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜೆನ್ ಒಂದು ಹೊಸ ಕಿರಣವನ್ನು ಕಂಡರು. ಏನೆಂದು ತಿಳಿಯದ್ದಕ್ಕೆ ಅದನ್ನು ಎಕ್ಸ್ ಎಂದರು; ನಮ್ಮ ಪಠ್ಯಪುಸ್ತಕಗಳಲ್ಲಿ ಅದು ಕ್ಷ-ಕಿರಣವಾಯಿತು. ಈ ಕಿರಣ ತಾಗಿದಲ್ಲೆಲ್ಲ ಫಿಲಂ ಕಪ್ಪಾಗುತ್ತದೆ. ಗಾಳಿ ಅದನ್ನು ಸಲೀಸಾಗಿ ಹಾಯಗೊಡುತ್ತದೆ, ಮೂಳೆ ತಡೆಯುತ್ತದೆ. ಹೀಗೆ ತಡೆದ ಜಾಗವೇ ಡಾಕ್ಟರರ ನೆರಳು, ಅದು ಬೆಳ್ಳಗಿರುತ್ತದೆ. ಬಲಗಡೆ ಎಂಬ ಮಾತಿಗೂ ಇಲ್ಲಿ ಬೇರೆ ಲೆಕ್ಕ: ರೋಗಿ ನಮಗೆದುರಾಗಿ ನಿಂತಂತೆ ಫಿಲಂ ಹಿಡಿಯುವುದರಿಂದ ಅವರ ಬಲ ನಮ್ಮ ಎಡಕ್ಕೆ ಬರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ನೆರಳು ಮತ್ತೆ ಕಪ್ಪು. ಪಿತ್ತಕೋಶದ ಕಲ್ಲು ಬೆಳ್ಳಗೆ ಹೊಳೆದು, ಅದರ ಹಿಂದೆ ಕಪ್ಪು ಪಟ್ಟಿ ಬೀಳುತ್ತದೆ. ಕಲ್ಲನ್ನು ಗುರುತಿಸಲು ಡಾಕ್ಟರರು ಆ ಪಟ್ಟಿಯನ್ನೇ ಹುಡುಕುತ್ತಾರೆ.

ಡಾಕ್ಟರರ ಬಾಯಲ್ಲಿ ನೆರಳು ಯಾವ ರೋಗದ ಹೆಸರೂ ಅಲ್ಲ. ಅಲ್ಲಿ ನ್ಯುಮೋನಿಯಾ ಇರಬಹುದು, ಗಡ್ಡೆ ಇರಬಹುದು, ಎಂದೋ ವಾಸಿಯಾದ ಟಿಬಿಯ ಕಲೆಯೂ ಇರಬಹುದು. ಜ್ವರ, ಕೆಮ್ಮು, ಕಫದ ಪರೀಕ್ಷೆ ಎಲ್ಲವನ್ನೂ ಕೂಡಿಸಿ ನೋಡಿದ ಮೇಲಷ್ಟೇ ಅದಕ್ಕೊಂದು ಹೆಸರು. ರೋಗಿಯ ಕಿವಿಗೆ ಮಾತ್ರ ಆ ಮಾತು ಮನೆಮಾತಿನ ಭಾರವನ್ನೆಲ್ಲ ಹೊತ್ತೇ ಬೀಳುತ್ತದೆ. ಆದ್ದರಿಂದ ನೆರಳು ಎಂದವರು ಅದನ್ನು ಬೆರಳಿಟ್ಟು ತೋರಿಸಲೂ ಬೇಕು. ತನ್ನ ಮೈಯ ಚಿತ್ರವನ್ನು ತಾನು ಓದಲಾಗದೆ ಕೂರುವುದು ಕಾಯಿಲೆಯ ಜೊತೆಗೆ ಇನ್ನೊಂದು ಸಂಕಟ.

ಮಗಳು ಒಳಗೆ ಹೋಗಿ ಕೇಳಿಕೊಂಡಳೇನೋ, ಡಾಕ್ಟರೇ ಹೊರಬಂದರು. ಫಿಲಂ ಮೇಲೆ ಪೆನ್ನು ಆಡಿಸುತ್ತ ಹೇಳಿದರು: "ಯಜಮಾನ್ರೇ, ಈ ಕಪ್ಪೆಲ್ಲ ನೀವು ಎಳೆದುಕೊಂಡ ಗಾಳಿ, ಅದು ಇರಲೇಬೇಕು. ನಾನು ಹೇಳಿದ್ದು ಇಲ್ಲಿರೋ ಈ ಬಿಳಿ ಮಚ್ಚೆ. ಏನು ಅಂತ ಕಫ ಪರೀಕ್ಷೆ ಮಾಡಿ ನೋಡೋಣ." ಅರ್ಧ ನಿಮಿಷ ಹಿಡಿದಿರಬಹುದು.

ಹಿರಿಯರು ಆ ಮಚ್ಚೆಯ ಮೇಲೆ ಹೆಬ್ಬೆರಳಿಟ್ಟರು. ಉಗುರಿನಡಿ ಅದು ಪೂರ್ತಿ ಮುಚ್ಚಿಹೋಯಿತು. "ಇಷ್ಟೇ ಜಾಗವಾ?" ಎಂದು ಕೇಳಿ, ಫಿಲಂ ಅನ್ನು ಮೆಲ್ಲಗೆ ಕವರಿನೊಳಗೆ ಜಾರಿಸಿದರು.