ಕಾರಿಗೆ ಟರ್ಬೊ ಕಿಟ್ ಹಾಕಿಸ್ತೀರಾ? ರಾಯಚೂರು ಬಿಸಿಲು, ಪೆಟ್ರೋಲ್, ಆರ್‌ಟಿಒ ರೂಲ್ಸ್ ಮೊದಲು ತಿಳ್ಕೊಳ್ಳಿ

ಗಿಲ್ಲೆಸುಗೂರು (ರಾಯಚೂರು ತಾ.): ಭತ್ತದ ದುಡ್ಡು ಕೈಗೆ ಬಂದ ಮೇಲೆ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್, ಹೊಂಡಾ ಸಿಟಿ ತಗೊಳ್ಳುವ ಹುಡುಗರು ಈ ಭಾಗದಲ್ಲಿ ಕಮ್ಮಿ ಏನಿಲ್ಲ. ಮೊದಲು ಅಲಾಯ್ ವೀಲ್, ಆಮೇಲೆ ಸೌಂಡ್ ಬರುವ ಸೈಲೆನ್ಸರ್, ಅದೂ ಸಾಕಾಗದಿದ್ದಾಗ ‘ಟರ್ಬೊ ಹಾಕಿಸಿದ್ರೆ ಹೆಂಗ?’ ಅನ್ನೋ ಮಾತು ಬರುತ್ತೆ. ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತೆ, ಕೂರಿಸಿಕೊಡುವ ಗ್ಯಾರೇಜ್‌ಗಳು ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿವೆ. ಆದರೆ ಬೋಲ್ಟ್ ಬಿಗಿಯೋದು ಇದರಲ್ಲಿ ಸುಲಭದ ಕೆಲಸ. ಬಿಗಿದ ಮೇಲೆ ಎಂಜಿನ್, ಆರ್‌ಸಿ, ಇನ್ಶೂರೆನ್ಸ್ ಈ ಮೂರೂ ಉಳಿಯುತ್ತಾ ಅನ್ನೋದೇ ಪ್ರಶ್ನೆ.

ಟರ್ಬೊ ಅಂದ್ರೆ ಏನು?

ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ ಹಬೆಯ ಒತ್ತಡಕ್ಕೆ ಟರ್ಬೈನ್ ತಿರುಗುತ್ತೆ. ಟರ್ಬೊದಲ್ಲೂ ಅದೇ ಲೆಕ್ಕ, ಹಬೆ ಬದಲು ಸೈಲೆನ್ಸರ್‌ಗೆ ಹೋಗುವ ಬಿಸಿ ಹೊಗೆ. ಆ ಹೊಗೆ ಒಂದು ಚಕ್ರ ತಿರುಗಿಸುತ್ತೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತೆ. ಗಾಳಿ ಜಾಸ್ತಿ ಹೋದರೆ ಪೆಟ್ರೋಲ್ ಜಾಸ್ತಿ ಸುಡಬಹುದು, ಪಿಕಪ್ ಜಾಸ್ತಿ. ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟಿ ತಿರುಗುತ್ತೆ. ಇದರ ಮೊದಲ ಪೇಟೆಂಟ್ 1905ರದು, ಸ್ವಿಟ್ಜರ್ಲೆಂಡ್‌ನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಹೆಸರಲ್ಲಿದೆ. ಪೆಟ್ರೋಲ್ ಕಾರಿಗೆ ಬಂದಿದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕೊರ್ವೇರ್ ಕಾರುಗಳಲ್ಲಿ.

ನಮ್ಮ ಕಡೆ ಲಾರಿಗಳಲ್ಲಿ, ಡೀಸೆಲ್ ಕಾರುಗಳಲ್ಲಿ ಟರ್ಬೊ ಮಾಮೂಲಿ. ಡೀಸೆಲ್ ಎಂಜಿನ್ ಒಳಗೆ ಮೊದಲು ಬರೀ ಗಾಳಿಯೇ ಒತ್ತಲ್ಪಡುತ್ತೆ, ಎಣ್ಣೆ ಕೊನೆಗೆ ಸಿಡಿಯುತ್ತೆ. ಹಂಗಾಗಿ ಅದು ಒತ್ತಡ ತಡೆಯುತ್ತೆ. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ, ಪೆಟ್ರೋಲ್ ಎರಡೂ ಕೂಡಿಯೇ ಒತ್ತಲ್ಪಡುತ್ತವೆ. ಬಿಸಿ ಮಿತಿ ಮೀರಿದರೆ ಹೊತ್ತಬೇಕಾದ ಸಮಯಕ್ಕೆ ಕಾಯದೆ ತಾನೇ ಹೊತ್ತಿಕೊಳ್ಳುತ್ತೆ. ಇದೇ ನಾಕಿಂಗ್. ಫುಲ್ ಬೂಸ್ಟ್‌ನಲ್ಲಿ ನಾಕಿಂಗ್ ಶುರುವಾದರೆ ಪಿಸ್ಟನ್ ಒಡೆಯೋಕೆ ಬಹಳ ಹೊತ್ತು ಬೇಕಿಲ್ಲ.

ಇಲ್ಲಿನ ಬಿಸಿಲೇ ದೊಡ್ಡ ವೈರಿ

ಕಿಟ್ ಮಾರೋರು ಹೇಳದ ಮಾತು ಇದು. ಗಾಳಿ ಒತ್ತಿದರೆ ಬಿಸಿಯಾಗುತ್ತೆ, ಸೈಕಲ್ ಪಂಪ್ ಹೊಡೆದವರಿಗೆಲ್ಲ ಗೊತ್ತು. ಅರ್ಧ ಬಾರ್ (ಸುಮಾರು 7 ಪಿಎಸ್‌ಐ) ಬೂಸ್ಟ್ ಇಟ್ಟುಕೊಳ್ಳೋಣ, ಕಿಟ್‌ಗಳಲ್ಲಿ ಇದು ಕಮ್ಮಿಯದೇ. ಹೊರಗೆ 25 ಡಿಗ್ರಿ ಇದ್ದರೆ ಟರ್ಬೊದಿಂದ ಹೊರಬರುವ ಗಾಳಿ ಅಂದಾಜು 77 ಡಿಗ್ರಿ. ಅದೇ ಏಪ್ರಿಲ್-ಮೇ ತಿಂಗಳಲ್ಲಿ ಬಾನೆಟ್ ಮುಂದಿನ ಗಾಳಿ 45 ಡಿಗ್ರಿ ಇದ್ದರೆ ಹೊರಬರೋದು 100 ಡಿಗ್ರಿ! ಟರ್ಬೊ ನೂರಕ್ಕೆ ಎಪ್ಪತ್ತರಷ್ಟು ದಕ್ಷವಾಗಿದ್ದರೆ ಬರುವ ಲೆಕ್ಕ ಇದು. ಅಗ್ಗದ ಟರ್ಬೊ ಇನ್ನೂ ಜಾಸ್ತಿ ಬಿಸಿ ಮಾಡುತ್ತೆ.

ಅದಕ್ಕೇ ಇಂಟರ್‌ಕೂಲರ್ ಬೇಕು. ಆದರೆ ಅದು ಕೂರೋದು ರೇಡಿಯೇಟರ್ ಮುಂದೆ. ಅಲ್ಲಿ ಮೊದಲೇ ಎಸಿ ಕಂಡೆನ್ಸರ್ ಇರುತ್ತೆ. ಮಧ್ಯಾಹ್ನ ಎರಡು ಗಂಟೆಗೆ ಎಸಿ ಹಾಕ್ಕೊಂಡು ಮಂತ್ರಾಲಯದ ಕಡೆ ಹೊರಟರೆ ಮೂರು ಜಾಲರಿ ದಾಟಿ ಬರುವ ಗಾಳಿಯಲ್ಲಿ ರೇಡಿಯೇಟರ್‌ಗೆ ಎಷ್ಟು ತಂಪು ಸಿಕ್ಕೀತು? ಇಂಟರ್‌ಕೂಲರ್ ಎಷ್ಟೇ ದೊಡ್ಡದಿದ್ದರೂ ಹೊರಗಿನ ಗಾಳಿಗಿಂತ ತಂಪು ಮಾಡಲಾರದು, ಅದೂ ನೆನಪಿರಲಿ. ಚಳಿ ದೇಶದಲ್ಲಿ ಮಾಡಿದ ಟ್ಯೂನಿಂಗ್ ಫೈಲನ್ನು ಹಂಗೇ ತಂದು ಇಲ್ಲಿ ತುಂಬಿದರೆ ಜನವರಿಯಲ್ಲಿ ಚೆನ್ನಾಗೇ ಓಡುತ್ತೆ, ಏಪ್ರಿಲ್‌ನಲ್ಲಿ ಎಂಜಿನ್ ಬಿಚ್ಚಬೇಕಾಗುತ್ತೆ.

ಧೂಳಿನ ಕಥೆ ಬೇರೆ. ಸ್ಟಾಕ್ ಫಿಲ್ಟರ್ ಬಾಕ್ಸ್ ಕಿತ್ತು ಕೋನ್ ಫಿಲ್ಟರ್ ಹಾಕೋದು ಫ್ಯಾಷನ್. ಭತ್ತದ ಕಟಾವು ಟೈಮಲ್ಲಿ ಹಾರುವ ಹೊಟ್ಟು, ಧೂಳಿನ ನಡುವೆ ಒಂದು ಸಣ್ಣ ಕಣ ಒಳಗೆ ಹೋದರೂ ಲಕ್ಷ ಸುತ್ತು ತಿರುಗುವ ಚಕ್ರದ ರೆಕ್ಕೆ ಸವೆಯುತ್ತೆ. ಜೊತೆಗೆ ಬಾನೆಟ್ ಒಳಗಿನ ಕೋನ್ ಫಿಲ್ಟರ್ ಎಳೆಯೋದು ಎಂಜಿನ್‌ನ ಬಿಸಿ ಗಾಳಿಯನ್ನೇ.

ಕಂಪ್ರೆಷನ್ ಮತ್ತು ಪೆಟ್ರೋಲ್

ಟರ್ಬೊ ಇಲ್ಲದ ಕಾರನ್ನು ಕಂಪನಿಯವರು ಮೈಲೇಜ್‌ಗಾಗಿ ಹೆಚ್ಚು ಕಂಪ್ರೆಷನ್ ಇಟ್ಟು ಮಾಡಿರುತ್ತಾರೆ. ಸ್ವಿಫ್ಟ್‌ನ ಡ್ಯುಯಲ್‌ಜೆಟ್ ಕೆ12 ಎಂಜಿನ್ 12:1 ಇದೆ. ಕಂಪನಿಯೇ ಟರ್ಬೊ ಹಾಕಿ ಮಾರಿದ ಬಲೆನೊ ಆರ್‌ಎಸ್‌ನಲ್ಲಿ 10:1 ಮಾತ್ರ. 12:1 ಎಂಜಿನ್ ಮೇಲೆ ಬೂಸ್ಟ್ ಹೇರೋದು ಅಂದ್ರೆ ತುಂಬಿದ ಚೀಲಕ್ಕೆ ಇನ್ನೂ ಭತ್ತ ತುರುಕಿದಂಗೆ, ಎಲ್ಲೋ ಒಂದು ಕಡೆ ಹರೀತದ. ಸಾಮಾನ್ಯವಾಗಿ ಮೊದಲು ಹೋಗೋದು ಪಿಸ್ಟನ್ ಅಥವಾ ಹೆಡ್ ಗ್ಯಾಸ್ಕೆಟ್. ಕಂಪ್ರೆಷನ್ ಕಮ್ಮಿ ಮಾಡಲು ಪಿಸ್ಟನ್ ಬದಲಿಸಬೇಕು. ಅಲ್ಲಿಗೆ ಬಜೆಟ್ ಕಿಟ್ ಬೆಲೆಯನ್ನು ಎಲ್ಲೋ ಹಿಂದೆ ಬಿಟ್ಟಿರುತ್ತೆ.

ಪೆಟ್ರೋಲ್ ಲೆಕ್ಕವೂ ಬದಲಾಗಿದೆ. ಮೊದಲು ಸಾದಾ ಪೆಟ್ರೋಲ್ 91 ಆಕ್ಟೇನ್ ಇತ್ತು. ಈಗ ಬಂಕ್‌ಗಳಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಇ20ಗೆ ಮಾನದಂಡ 95. ನಾಕಿಂಗ್ ದೃಷ್ಟಿಯಿಂದ ಇದು ಒಳ್ಳೇದೇ. ಆದರೆ ಶುದ್ಧ ಪೆಟ್ರೋಲ್ ಒಂದು ಪಾಲಿಗೆ 14.7 ಪಾಲು ಗಾಳಿ ಸಾಕಾದರೆ ಇ20ಗೆ ಅದು ಸುಮಾರು 13.5. ಅಂದ್ರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. ಇಂಜೆಕ್ಟರ್, ಪೆಟ್ರೋಲ್ ಪಂಪ್ ಅಷ್ಟು ಕೊಡದಿದ್ದರೆ ಮಿಶ್ರಣ ತೆಳುವಾಗುತ್ತೆ, ಒಳಗಿನ ಬಿಸಿ ಏರುತ್ತೆ. ಹಳೇ ಟ್ಯೂನಿಂಗ್ ಇರುವ ಕಾರುಗಳಿಗೆ ಇದು ಸದ್ದಿಲ್ಲದೆ ಬಂದ ಅಪಾಯ.

ಇದನ್ನೆಲ್ಲ ಸಂಭಾಳಿಸೋದು ಇಸಿಯು. ಟರ್ಬೊ ಇಲ್ಲದ ಕಾರಿನ ಇಸಿಯುಗೆ ಬೂಸ್ಟ್ ಅಂದ್ರೇನು ಅಂತಲೇ ಗೊತ್ತಿರಲ್ಲ. ಅದರ ಪ್ರೆಷರ್ ಸೆನ್ಸರ್ ಒಂದು ಬಾರ್ ಆಸುಪಾಸಿಗೆ ಓದೋದು ನಿಲ್ಲಿಸುತ್ತೆ. ಬೇರೆ ಇಸಿಯು ಇಲ್ಲವೇ ಪಿಗ್ಗಿಬ್ಯಾಕ್ ಹಾಕಿ, ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇಟ್ಟು, ಡೈನೊ ಮೇಲೆ ಕಾರು ಓಡಿಸಿ ಟ್ಯೂನ್ ಮಾಡಬೇಕು. ‘ಟ್ಯೂನಿಂಗ್ ಆಮೇಲೆ ನೋಡೋಣ, ಸದ್ಯ ಓಡಿಸ್ರಿ’ ಅನ್ನುವ ಗ್ಯಾರೇಜ್ ಕಡೆ ತಲೆ ಹಾಕಬಾರದು.

ಉಳಿದದ್ದು ಚಿಕ್ಕದಾಗಿ: ಹಾಕಿಸುವ ಮೊದಲೇ ನಾಲ್ಕೂ ಸಿಲಿಂಡರ್‌ಗೆ ಕಂಪ್ರೆಷನ್ ಟೆಸ್ಟ್ ಮಾಡಿಸಬೇಕು. ಕ್ಲಚ್, ಬ್ರೇಕ್ ಹಳೇವೇ ಇದ್ದರೆ ಸಾಕಾಗಲ್ಲ. ಟರ್ಬೊದಿಂದ ಆಯಿಲ್ ವಾಪಸ್ ಬರುವ ಪೈಪ್ ದಪ್ಪಗಿದ್ದು ಪೂರ್ತಿ ಇಳಿಜಾರಾಗಿರಬೇಕು, ಎಲ್ಲೂ ಮೇಲೆದ್ದು ಇಳಿಯಬಾರದು. ಇಲ್ಲಾಂದ್ರೆ ಆಯಿಲ್ ನಿಂತು ಸೀಲ್ ದಾಟಿ ಬಂದು ನೀಲಿ ಹೊಗೆ ಶುರು. ಜೋರಾಗಿ ಓಡಿಸಿ ಬಂದ ತಕ್ಷಣ ಕೀ ತಿರುಗಿಸಿ ಆಫ್ ಮಾಡದೆ ಒಂದೆರಡು ನಿಮಿಷ ಸ್ಲೋ ಬಿಡಬೇಕು.

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಸಿಎನ್‌ಜಿ, ಎಲ್‌ಪಿಜಿ ಕಿಟ್‌ಗಾದರೆ ಅನುಮೋದನೆ ಪಡೆದು ಆರ್‌ಸಿಯಲ್ಲಿ ಬರೆಸುವ ದಾರಿ ಇದೆ. ಹೊರಗಿನ ಟರ್ಬೊಗೆ ಅಂಥ ದಾರಿ ಇಲ್ಲ. 2019ರ ತಿದ್ದುಪಡಿಯಿಂದ ಬಂದ 182ಎ (4) ಕಲಂನಲ್ಲಿ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಅಥವಾ ಎರಡೂ. ದಂಡ ಕಟ್ಟಿ ಕೈ ತೊಳಕೊಂಡೇವು ಅನ್ನೋರು ಇನ್ಶೂರೆನ್ಸ್ ಕಡೆ ನೋಡಬೇಕು. ತಿಳಿಸದೆ ಮಾಡಿಸಿದ ಬದಲಾವಣೆಯ ಕಾರಣಕ್ಕೆ ಕ್ಲೇಮ್ ತಿರಸ್ಕಾರವಾಗಬಹುದು. ಕಂಪನಿ ವಾರಂಟಿ ಅಂತೂ ಕೇಳೋ ಹಂಗೇ ಇಲ್ಲ. ರೇಸಿಗಂತಲೇ ಕಟ್ಟಿದ ಕಾರು ಓಡಿಸಲು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕ್‌ಗಳಿವೆ. ಅಲ್ಲಿಗೂ ಅದನ್ನು ಲಾರಿ ಮೇಲೆ ಹೊತ್ತೊಯ್ಯಬೇಕು.

ಬೂಸ್ಟ್ ಬೇಕೇ ಬೇಕು ಅನ್ನೋರಿಗೆ ಕಂಪನಿ ಟರ್ಬೊ ಇರುವ ಹಳೇ ಕಾರೇ ಮೇಲು. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ 105 ಪಿಎಸ್, 2017ರ ಬಲೆನೊ ಆರ್‌ಎಸ್ 102 ಪಿಎಸ್, ಅದೇ ವರ್ಷದ ನೆಕ್ಸಾನ್ ಟರ್ಬೊ ಪೆಟ್ರೋಲ್ 110 ಪಿಎಸ್. ಆರ್‌ಸಿ ಕ್ಲೀನ್, ಇನ್ಶೂರೆನ್ಸ್ ಕ್ಲೀನ್, ಪಾರ್ಟ್ಸ್‌ಗೆ ಕಂಪನಿ ನಂಬರ್ ಇರುತ್ತೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಇನ್ನೊಂದು ಎಚ್ಚರ. ಕಿಟ್ ಹಾಕಿ ಓಡಿಸಿ, ಎಂಜಿನ್ ಸೋತ ಮೇಲೆ ಬಿಚ್ಚಿ ಮಾರಿದ ಕಾರೂ ಕೈಗೆ ಬರಬಹುದು. ಕಾರನ್ನು ರ‍್ಯಾಂಪ್ ಮೇಲೆ ಹತ್ತಿಸಿ ಆಯಿಲ್ ಸಂಪ್ ನೋಡಿ. ಪಕ್ಕದಲ್ಲಿ ವೆಲ್ಡಿಂಗ್ ಗುರುತು ಅಥವಾ ಮುಚ್ಚಿದ ತೂತು ಇದ್ದರೆ, ಮುಂದಿನ ಬಂಪರ್ ಒಳಭಾಗ ಕತ್ತರಿಸಿದ್ದರೆ, ಇಸಿಯು ವೈರಿಂಗ್‌ನಲ್ಲಿ ಟೇಪ್ ಸುತ್ತಿದ ಜೋಡಣೆ ಕಂಡರೆ ಕಂಪ್ರೆಷನ್ ಟೆಸ್ಟ್ ಆಗೋವರೆಗೆ ಅಡ್ವಾನ್ಸ್ ಕೊಡಬೇಡಿ.